ತೆಂಗಿನ ಸಸಿಗೆ ತಂದ ನೀರು

ರೇಡಿಯೇಟರ್ ಮುಚ್ಚಳಕ್ಕೆ ಬಟ್ಟೆ ಸುತ್ತಿ ತಿರುಗಿಸಿದ ಕೆಂಪರಾಜು ಮುಖವನ್ನು ಹಿಂದಕ್ಕೆಳೆದುಕೊಂಡ. ಒಳಗಿನಿಂದ ಬಂದದ್ದು ಇಂಜಿನ್ ತಂಪಾಗಿಡುವ ಕೂಲೆಂಟಿನ ಸಿಹಿ ವಾಸನೆಯಲ್ಲ. ಶಿಡ್ಲಘಟ್ಟದ ಯಾವ ಓಣಿಯಲ್ಲಿ ನಡೆದರೂ ಮೂಗಿಗೆ ಬಡಿಯುವ ವಾಸನೆ. ರೇಷ್ಮೆಗೂಡು ಬೇಯಿಸಿದ ನೀರಿನದು.

ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತವಳು ಗಾಡಿಯ ಒಡತಿ ಪದ್ಮಶ್ರೀ. ಹಾಸಿಗೆ, ಒಲೆ, ಸಿಂಕು ಕೂರಿಸಿದ ಹಳೆಯ ಟೆಂಪೊ ಟ್ರಾವೆಲರ್ ಅದು. ಸ್ಕಂದಗಿರಿ ಹತ್ತಲು ಬರುವವರನ್ನು ಚಿಕ್ಕಬಳ್ಳಾಪುರದಿಂದ ಕಳವಾರಕ್ಕೆ ತಾನೇ ಓಡಿಸಿಕೊಂಡು ಬಂದು, ಬೆಟ್ಟದ ಬುಡದಲ್ಲಿ ಗಾಡಿಯೊಳಗೇ ತಂಗಿಸುತ್ತಿದ್ದಳು. ಅಂದು ಬೆಳಿಗ್ಗೆ ದಾರಿಯಲ್ಲೇ ಇಂಜಿನ್ ಕುದಿದು ನಿಂತಿದ್ದ ಗಾಡಿಯನ್ನು ಮನೆಯ ಅಂಗಳಕ್ಕೆ ಎಳೆಸಿ ತಂದಿದ್ದರು. ಅವಳ ಗಂಡ ರಮೇಶ್‌ಬಾಬು ಜಗಲಿಯ ಕಂಬಕ್ಕೆ ಒರಗಿ, ಮೆಕ್ಯಾನಿಕ್ ತನ್ನ ಹೆಂಡತಿಯಿಂದ ಎಷ್ಟು ದೂರದಲ್ಲಿದ್ದಾನೆ ಎಂಬುದನ್ನೇ ನೋಡುತ್ತಿದ್ದ.

ಗಾಡಿ ಸೋರುತ್ತಿದೆ ಎಂದು ಕೆಲವು ದಿನಗಳ ಹಿಂದೆ ಕೆಂಪರಾಜು ಮೊದಲ ಸಲ ಬಂದಾಗ ಗಾಡಿಯ ಕೆಳಗೆ ರಟ್ಟು ಹಾಸಿ, ಹನಿ ಎಲ್ಲಿ ಬೀಳುತ್ತದೆ ಎಂದು ನೋಡಿದ್ದ. ಇನ್ನೊಮ್ಮೆ ಬಂದು ರೇಡಿಯೇಟರಿಗೆ ಕೈಪಂಪಿನಿಂದ ಗಾಳಿ ತುಂಬಿ, ಗಾಳಿ ಸೋರಿದಂತೆ ಮೀಟರಿನ ಮುಳ್ಳು ಮೆಲ್ಲಗೆ ಇಳಿಯುವುದನ್ನು ಪದ್ಮಶ್ರೀಗೆ ತೋರಿಸಿದ್ದ. ಸೋರುತ್ತಿದ್ದುದು ವಾಟರ್ ಪಂಪು. ಇಷ್ಟು ಹಳೆಯ ಮಾಡೆಲ್ಲಿನ ಪಂಪು ಬೆಂಗಳೂರಿನಿಂದ ಬರಬೇಕು, ಕಾಯಬೇಕು ಎಂದಿದ್ದ. ಅದು ಮತ್ತೆ ಮತ್ತೆ ಬರಲು ನೆಪ ಎಂದು ರಮೇಶ್‌ಬಾಬುವಿಗೆ ಖಾತ್ರಿಯಾಗಿತ್ತು. ಮೇಡಂ ಎನ್ನುತ್ತಿದ್ದವನು ಅಷ್ಟರಲ್ಲಿ ಪದ್ಮಕ್ಕ ಎನ್ನತೊಡಗಿದ್ದ. ಇಬ್ಬರೂ ಬಾನೆಟ್ಟಿನ ಕೆಳಗೆ ತಲೆ ತೂರಿಸಿ ನಗುತ್ತಿದ್ದರು. ವಾಟರ್ ಪಂಪಿನಲ್ಲಿ ನಗುವಂಥದ್ದೇನಿದೆ?

ಆ ಸಂಜೆಯೇ ರಮೇಶ್‌ಬಾಬು ಶಿಡ್ಲಘಟ್ಟಕ್ಕೆ ಹೋಗಿದ್ದ. ಅಲ್ಲಿ ಮಾವ, ಪದ್ಮಶ್ರೀಯ ಅಪ್ಪ, ನರಸಿಂಹಪ್ಪನವರದು ರೇಷ್ಮೆ ನೂಲು ಬಿಚ್ಚುವ ಘಟಕ. ತೆಂಗಿನ ಸಸಿಗೆ ಎಂದು ಹೇಳಿ, ಗೂಡು ಬೇಯಿಸಿದ ನೀರನ್ನು ಒಂದು ಕ್ಯಾನ್ ತುಂಬಿಸಿಕೊಂಡು ಬಂದ. ಆ ನೀರಿನಲ್ಲಿ ಕರಗಿದ ಗೂಡಿನ ಅಂಟು ಎಂಥ ಬಿರುಕನ್ನೂ ಮುಚ್ಚುತ್ತದೆ, ಆಮೇಲೆ ಈ ಅಂಗಳದಲ್ಲಿ ಕೆಂಪರಾಜುವಿಗೆ ಕೆಲಸವಿರುವುದಿಲ್ಲ ಎಂಬುದು ಅವನ ಎಣಿಕೆ. ಹೆಂಡತಿ ಸ್ನಾನಕ್ಕೆ ಹೋದಾಗ, ಕೂಲೆಂಟ್ ಸೋರಿ ಎಷ್ಟು ಇಳಿದಿತ್ತೋ ಅಷ್ಟನ್ನೂ ಅದರಿಂದಲೇ ತುಂಬಿದ. ಸೋರಿಕೆ ನಿಲ್ಲಲಿಲ್ಲ. ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ನೀರಿನ ಹರಿವು ನಿಂತಿತು.

ಕೆಂಪರಾಜು ಬೆರಳು ಅದ್ದಿ ತೆಗೆದ. ಹೆಬ್ಬೆರಳಿನಿಂದ ಉಜ್ಜಿದರೆ ಕಂದು ಅಂಟು ಎಳೆ ಎಳೆಯಾಗಿ ಬಂತು. ತಲೆಯೆತ್ತಿ ರಮೇಶ್‌ಬಾಬುವನ್ನು ನೋಡಿದ. ರಮೇಶ್‌ಬಾಬು ಅಂಗಳದ ತೆಂಗಿನ ಸಸಿಯನ್ನು ನೋಡಿದ.

"ಏನಪ್ಪ ಅದು?" ಪದ್ಮಶ್ರೀ ಕೇಳಿದಳು.

"ಹಳೇ ಕೂಲೆಂಟ್ ಪದ್ಮಕ್ಕ, ಕೊಳ್ತೋಗಿದೆ." ಬೆರಳನ್ನು ಬೇಗ ಬಟ್ಟೆಗೆ ಒರೆಸಿಕೊಂಡ.

"ಮೊನ್ನೆ ನೀನೇ ತೋರಿಸ್ದಾಗ ಹಸಿರಾಗಿತ್ತಲ್ಲ?"

"ಒಂದೊಂದ್ಸಲ ಹಂಗೇ. ಹಾಲು ಒಡೆದಂಗೆ ಒಡೆದೋಗ್ತದೆ. ಅಲ್ವಾ ಸಾರ್?"

"ಹೌದೌದು," ಎಂದ ರಮೇಶ್‌ಬಾಬು. ತನ್ನ ಮಾನ ಉಳಿಸಿದ್ದಾನೆ ಎಂದು ಗೊತ್ತಾದ ಮೇಲೆ ಆ ಮನುಷ್ಯನ ಮೇಲೆ ಅವನಿಗೆ ಇನ್ನಷ್ಟು ಉರಿಯಿತು.

"ಪಂಪು ನಾಳೆ ಬತ್ತದೆ. ಅದೊಂದೇ ಆಗಿದ್ರೆ ಮಧ್ಯಾಹ್ನಕ್ಕೇ ಮುಗಿಸಿ ಹೋಗ್ತಿದ್ದೆ," ಎಂದ ಕೆಂಪರಾಜು. "ಈಗ ರೇಡಿಯೇಟರ್ ಬಿಚ್ಚಬೇಕು, ಇಂಜಿನ್ ಒಳಗೆಲ್ಲ ತೊಳೀಬೇಕು. ವಾರವೆಲ್ಲ ಇಲ್ಲೇ ಆಗ್ತದಕ್ಕ."

"ಆಗ್ಲಿ ಬಾರಪ್ಪ. ಊಟಾನೂ ಇಲ್ಲೇ ಮಾಡುವಂತೆ."

ಹೇಗೂ ಬರಬೇಕಲ್ಲ ಎಂದು ಅವನು ಸ್ಪ್ಯಾನರ್ ಪೆಟ್ಟಿಗೆಯನ್ನು ಜಗಲಿಯ ಮೇಲೆ, ರಮೇಶ್‌ಬಾಬು ದಿನವೂ ಕೂರುವ ಜಾಗದಲ್ಲಿ, ಇಟ್ಟು ಹೋದ. ಬೈಕಿನ ಸದ್ದು ಊರ ಬಾಗಿಲು ದಾಟಿತು.

"ಮಧ್ಯಾಹ್ನ ಅಪ್ಪ ಫೋನ್ ಮಾಡಿದ್ರು ರೀ," ಪದ್ಮಶ್ರೀ ಬಾನೆಟ್ ಮುಚ್ಚುತ್ತ ಹೇಳಿದಳು. "ತೆಂಗಿನ ಸಸಿ ಹೆಂಗಿದೆ ಅಂತ ಕೇಳಿದ್ರು."

ಅವಳು ಹುಟ್ಟಿ ಬೆಳೆದದ್ದು ಗೂಡಿನ ಆ ವಾಸನೆಯಲ್ಲೇ ಎಂಬುದು ರಮೇಶ್‌ಬಾಬುವಿಗೆ ಹೊಳೆದದ್ದು ಆಗ. "ನೀನೇನಂದೆ?"

"ಚೆನ್ನಾಗಿ ಚಿಗುರಿದೆ ಅಂದೆ."

ಅವಳು ಜಗಲಿ ಹತ್ತಿ, ಸೆರಗು ಸಿಕ್ಕಿಸಿ, ಕೆಂಪರಾಜುವಿನ ಪೆಟ್ಟಿಗೆಯನ್ನು ಎರಡೂ ಕೈಗಳಿಂದ ಎತ್ತಿ ಎದೆಗಾನಿಸಿಕೊಂಡು ಒಳಗೆ ನಡೆದಳು.

"ಅದನ್ಯಾಕೆ ಒಳಗೆ?"

"ಹೊರಗಿದ್ರೆ ಇಬ್ಬನಿ ಬಿದ್ದು ತುಕ್ಕು ಹಿಡೀತದೆ."