ದೇವರ ಬೆನ್ನು

"ಬೆನ್ನಿಂದೂ ಒಂದು ಪೋಟೊ ಕಳಿಸ್ಬೇಕಂತೆ, ಅತ್ತೆ." ಸೊಸೆ ಶೈಲಶ್ರೀ ಫೋನ್ ಹಿಡಿದು ಹತ್ತಿರ ಬಂದಾಗ ಶಿವಮಲ್ಲಮ್ಮ ಮಾದೇವನ ಪಂಚಲೋಹದ ಮುಖವಾಡವನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಕೇಳುತ್ತಿದ್ದುದು ಹಳೆಯ ವಸ್ತುಗಳ ಜೋಪಾನಕ್ಕೆ ಮ್ಯೂಸಿಯಂನವರಿಗೂ ಮನೆಯವರಿಗೂ ಆನ್‌ಲೈನಿನಲ್ಲಿ ನೆರವಾಗುವ ಸಂಸ್ಥೆ. ಬಿಟ್ಟಿ ನೆರವನ್ನು ಅವಳು ನಂಬುವವಳಲ್ಲ.

"ಕಳ್ರು ಬುಟ್ರೆ ದ್ಯಾವ್ರ ಬೆನ್ನ ಇನ್ಯಾರ್ ಕೇಳಾರು?"

"ಕಳುವಾದ್ರೆ ಗುರ್ತು ಇಡಿಯಕ್ಕೆ ಬೆನ್ನೇ ಬೇಕಂತೆ. ಮುಖವ ಯಾರ್ ಬೇಕಾದ್ರೂ ಅಂಗೇ ಎರಕ ಉಯ್ಬೋದಂತೆ."

ಶಿವಮಲ್ಲಮ್ಮ ಗೊಣಗುತ್ತಲೇ ಮುಖವಾಡವನ್ನು ತಿರುಗಿಸಿದಳು. ಮಾವನ ಕಾಲದಲ್ಲಿ ಬಿರುಕಿಗೆ ಹಾಕಿಸಿದ್ದ ತಾಮ್ರದ ತೇಪೆ ಅಲ್ಲಿರಲಿಲ್ಲ. ಬೆನ್ನು ಹೊಸ ತಟ್ಟೆಯಂತೆ ನುಣ್ಣಗಿತ್ತು.

ಹೋದ ಶಿವರಾತ್ರಿಗೆ ಮೆರುಗು ಹಾಕಿಸಲೆಂದು ಅದನ್ನು ಸತ್ಯಮಂಗಲಕ್ಕೆ ಒಯ್ದು ತಂದಿದ್ದ ಮಗ ವೃಷಭೇಂದ್ರ ಜಗಲಿಯಿಂದಲೇ ಹೇಳಿದ: "ಬೆನ್ನ ತೋರುಸ್ಬ್ಯಾಡ ಕಣವ್ವ. ಅವ್ರು ಕಳ್ರು."