ಕಮಾನಿನ ಮೇಲಿನ ಮುಖ

ಉದ್ಘಾಟನೆಗೆ ಇನ್ನೂ ಅರ್ಧ ಗಂಟೆ ಇರುವಾಗಲೇ ಗಾಳಿಗೆ ಪರದೆ ಜಾರಿ ಬಿತ್ತು. ನದಿಯಾಚೆಯ ಯುದ್ಧ ಗೆದ್ದ ನೆನಪಿಗೆ ಕಟ್ಟಿದ, ಮೂರು ಬಾಗಿಲಿನ ವಿಜಯ ಕಮಾನು. ನಡುಬಾಗಿಲ ಮೇಲೆ ಸೈನ್ಯದ ಮುಂದೆ ಕುದುರೆಯೇರಿ ಹೊರಟ ಕಲ್ಲಿನ ರಾಜ. ಅವನಿಗೆ ಸೊಟ್ಟ ಮೂಗು, ಮುಂಚಾಚಿದ ಗದ್ದ.

ಮಂತ್ರಿ ಹೌಹಾರಿದ. "ಇದು ಕುದುರೆಗೆ ಲಾಳ ಹೊಡೆಯೋನ ಮುಖ ಅಲ್ವೇನಯ್ಯಾ?"

"ಹೌದು ಸ್ವಾಮಿ, ನನ್ನ ಭಾವಮೈದ," ಎಂದು ಶಿಲ್ಪಿ ತಲೆ ಕೆರೆದುಕೊಂಡ. "ಮಹಾರಾಜರ ಮುಖ ನೋಡಿ ಕೆತ್ತೋಣ ಅಂತ ಆರು ಸಲ ಅರಮನೆಗೆ ಅಲೆದೆ. ಅವರಿಗೆ ಪುರುಸೊತ್ತೇ ಸಿಗಲಿಲ್ಲ. ಇವನೋ, ಕುದುರೆ ಮೇಲೆ ಕೂರು ಅಂದ್ರೆ ಇಳಿಯೋದೇ ಇಲ್ಲ. ಮುಖ ಆಮೇಲೆ ತಿದ್ದಿದರಾಯ್ತು ಅಂದ್ಕೊಂಡೆ. ಮೂರು ವರ್ಷ ನೋಡಿ ನೋಡಿ, ಇದೇ ಸರಿ ಅನ್ನಿಸಿಬಿಡ್ತು."

ಗುಂಪಿನಲ್ಲಿದ್ದ ಲಾಳದವ ಮೆಲ್ಲಗೆ ಜಾರಿಕೊಳ್ಳಲು ನೋಡಿದ. ಹೆಂಡತಿ ರಟ್ಟೆ ಹಿಡಿದು ನಿಲ್ಲಿಸಿದಳು. "ಎಲ್ಲಿಗೆ ಓಡ್ತೀರಿ? ಊರಿಗೂರೇ ನಿಮ್ಮ ಮೂಗು ನೋಡ್ತಾ ಇದೆ!"

ಅಷ್ಟರಲ್ಲಿ ರಾಜ ಬಂದೇಬಿಟ್ಟ. ಕುದುರೆ ಇಳಿದು, ಕತ್ತೆತ್ತಿ ಬಹಳ ಹೊತ್ತು ನೋಡಿದ.

"ನಾಳೆಯೊಳಗೆ ಆ ಮುಖ ಒಡೆಸಿ ಹಾಕಿಸ್ತೀನಿ, ಪ್ರಭು," ಎಂದ ಮಂತ್ರಿ.

ರಾಜ ಗುಂಪಿನಲ್ಲಿ ಅದೇ ಸೊಟ್ಟ ಮೂಗನ್ನು ಗುರುತಿಸಿ, ಲಾಳದವನನ್ನು ಹತ್ತಿರ ಕರೆದ. "ಆ ಯುದ್ಧಕ್ಕೆ ನೀನು ಹೋಗಿದ್ಯಾ?"

"ಹೋಗಿದ್ದೆ, ಮಹಾಸ್ವಾಮಿ. ನದಿ ದಾಟೋವಾಗ ಎಲ್ಲರಿಗಿಂತ ಮುಂದೆ ನಾನೇ ಇದ್ದೆ. ಧೈರ್ಯ ಗೀರ್ಯ ಏನಿಲ್ಲ. ಕುದುರೆ ಬೆದರಿ, ನನ್ನ ಮಾತು ಕೇಳಲಿಲ್ಲ ಅಷ್ಟೆ."

ಜನ ಗೊಳ್ಳೆಂದರು. ರಾಜನಿಗೂ ನಗು ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡು, ಮಂತ್ರಿಗೆ ಮಾತ್ರ ಕೇಳುವಂತೆ ಹೇಳಿದ: "ನಾನು ಆ ವಾರ ನೆಗಡಿ ಬಂದು ಕಂಬಳಿ ಹೊದ್ದು ಮಲಗಿದ್ದೆ. ನೀವೇ ಕಷಾಯ ತಂದುಕೊಟ್ಟಿರಿ."

ಮಂತ್ರಿ ತನ್ನ ಪಾದರಕ್ಷೆ ನೋಡಿಕೊಂಡ.

"ಮುಖ ಹಾಗೇ ಇರಲಿ," ಎಂದು ರಾಜ ಗಟ್ಟಿಯಾಗಿ ಹೇಳಿ, ಲಾಳದವನ ಬೆನ್ನ ಮೇಲೆ ಕೈಯಿಟ್ಟ. "ನಡಿ, ನೀನು ಮುಂದೆ."

ಮಸಿಗೈಯನ್ನು ಎಲ್ಲಿಡಬೇಕೆಂದು ತೋಚದೆ, ಬಟ್ಟೆಗೆ ಒರೆಸಿಕೊಳ್ಳುತ್ತಲೇ ಲಾಳದವ ನಡುಬಾಗಿಲಿನತ್ತ ಹೆಜ್ಜೆಯಿಟ್ಟ. ಹಿಂದೆ ಕಾಲ್ನಡಿಗೆಯಲ್ಲಿ ರಾಜ. ಯಾರಿಗೆ ಊದಬೇಕೆಂದು ತಬ್ಬಿಬ್ಬಾದ ಕಹಳೆಯವರು ಮೇಲಿದ್ದ ಕಲ್ಲಿನ ಮುಖವನ್ನೊಮ್ಮೆ, ಕೆಳಗೆ ಬರುತ್ತಿದ್ದವನ ಮುಖವನ್ನೊಮ್ಮೆ ನೋಡಿ, ಎದೆತುಂಬ ಉಸಿರೆಳೆದು ಊದಿಬಿಟ್ಟರು.