ನಾಲ್ಕು ಗಂಟೆಯ ಬಹುಮಾನ

ತರಗತಿಯ ತೊಡಕೊಂದಕ್ಕೆ ಟೀಚರೇ ಪ್ರಯೋಗ ಮಾಡಿ ದಾರಿ ಹುಡುಕುವ ಕ್ರಿಯಾ ಸಂಶೋಧನೆಗೆಂದು ವಾರಿಜಾ ಟೀಚರ್ ಆರಿಸಿಕೊಂಡದ್ದು ಓದಲು ಬಾರದ ಮಕ್ಕಳನ್ನು. ಹುರುಪು ಬರಲೆಂದು ತಾವೇ ಒಂದು ಉಪಾಯ ಹೂಡಿದರು. ತಡವರಿಸದೆ ಒಂದು ಪುಟ ಓದಿದವರು ನಾಲ್ಕಕ್ಕೇ ಮನೆಗೆ ಹೋಗಬಹುದು. ಉಳಿದವರು ಹೊತ್ತು ಮುಳುಗುವ ತನಕ ಟೀಚರ ಜೊತೆ ಕೂತು ಕಲಿಯಬೇಕು.

ಒಬ್ಬೊಬ್ಬರೇ ಓದಿ ತೋರಿಸಿ, ಚೀಲ ಹೆಗಲಿಗೇರಿಸಿ ಓಡಿದರು. ಕೊನೆಗೆ ಉಳಿದವಳು ಮಾದೇವಿ ಒಬ್ಬಳೇ. ಟೀಚರ್ ಚಿತ್ರ ತೋರಿಸಿದರು, ಹಾಡಿಸಿದರು, ಪಕ್ಕದಲ್ಲೇ ಕೂರಿಸಿಕೊಂಡು ಬೆರಳು ಹಿಡಿದು ಓದಿಸಿದರು. ಹುಡುಗಿ ಪ್ರತಿ ಸಾಲಿಗೂ ತಡವರಿಸಿದಳು. ತಾವು ಕಲಿಸುವುದರಲ್ಲೇ ಏನೋ ಐಬಿದೆ ಎಂದು ಟೀಚರ್ ಕೊರಗಿದರು.

ಒಂದು ಮಧ್ಯಾಹ್ನ ಅಡುಗೆಕೋಣೆಯ ಹಿಂದಿನಿಂದ ದನಿ ಕೇಳಿಸಿತು. ಮಾದೇವಿ ಅಡುಗೆಯಮ್ಮನ ಪುಟ್ಟ ಮಗಳಿಗೆ ಕತೆ ಓದಿ ಹೇಳುತ್ತಿದ್ದಳು. ಟೀಚರ್ ಇನ್ನೂ ಪಾಠ ಮಾಡಿರದ ಕತೆ. ಕರಡಿಗೊಂದು ದನಿ, ಇರುವೆಗೊಂದು ದನಿ, ಎಲ್ಲೂ ತಡವರಿಕೆಯಿಲ್ಲ.

ಟೀಚರ ಕಣ್ಣು ತುಂಬಿ ಬಂತು. "ಎಷ್ಟು ಚೆನ್ನಾಗಿ ಓದ್ತೀಯಲ್ಲೇ! ಇವತ್ತಿಂದ ನೀನೂ ನಾಲ್ಕಕ್ಕೇ ಮನೆಗೆ ಹೋಗ್ಬೋದು ಕಣೇ."

ಪುಸ್ತಕ ಮಾದೇವಿಯ ಕೈಯಿಂದ ಜಾರಿತು. ಓಡಿಬಂದು ಟೀಚರ ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಇಲ್ಲ ಟೀಚರ್, ನಂಗೆ ಓದಕ್ಕೆ ಬರಲ್ಲ. ದೇವರಾಣೆ, ಒಂದಕ್ಷರಾನೂ ಬರಲ್ಲ."